ಎಡದಂಡೆಗೆ ಬಂದವರು, ಎಡದಂಡೆ ಬಿಟ್ಟವರು

ರಾಯಚೂರು ಜಿಲ್ಲೆಯ ಹಳ್ಳಿಗಳು ರಾಜ್ಯಮಟ್ಟದ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಬೇಸಿಗೆಯಲ್ಲಿ. ಬೀಗ ಜಡಿದ ಮನೆ, ಕಟ್ಟೆಯ ಮೇಲೆ ಕುಂತ ಮುದುಕ, ಬಿರುಕು ಬಿಟ್ಟ ಹೊಲ. ಕೆಳಗೆ ‘ಬರಕ್ಕೆ ಬೆದರಿ ಗುಳೆ’ ಎಂಬ ಒಕ್ಕಣೆ. ಚಿತ್ರ ಸುಳ್ಳಲ್ಲ. ಆದರೆ ಅದೇ ವಾರ ಅದೇ ಜಿಲ್ಲೆಯ ಸಿಂಧನೂರಿಗೋ ಪಕ್ಕದ ಕೊಪ್ಪಳ ಜಿಲ್ಲೆಯ ಕಾರಟಗಿ, ಗಂಗಾವತಿಗೋ ಹೋದರೆ, ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುತ್ತಿರುವ ಬಿಹಾರದ ಹುಡುಗರು ಕಾಣುತ್ತಾರೆ. ಲಿಂಗಸುಗೂರು ಕಡೆಯವನು ಬೆಂಗಳೂರಿನಲ್ಲಿ ಕಾಂಕ್ರೀಟು ಹೊರುತ್ತಾನೆ. ಅವನ ಊರಿನಿಂದ ಒಂದೆರಡು ತಾಸಿನ ದಾರಿಯಲ್ಲಿ ಬಿಹಾರದವನು ಅಕ್ಕಿ ಹೊರುತ್ತಾನೆ. ಕೆಲಸವಿಲ್ಲದ್ದಕ್ಕೆ ಜನ ಊರು ಬಿಡುತ್ತಾರೆ ಎಂಬ ಸರಳ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

ಬರವೊಂದನ್ನೇ ಹೊಣೆ ಮಾಡುವುದರಲ್ಲಿ ಒಂದು ಅನುಕೂಲವಂತೂ ಇದೆ. ಮಳೆಯ ಮೇಲೆ ಯಾರೂ ಕೇಸು ಹಾಕಲಾರರು.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ಇತಿಹಾಸದ ಪುಸ್ತಕಗಳಲ್ಲಿ ರಾಯಚೂರು ದೋಆಬ್ ಎಂಬ ಹೆಸರು. ವಿಜಯನಗರದ ಅರಸರು, ಬಹಮನಿಗಳು, ಆಮೇಲೆ ಬಿಜಾಪುರದವರು ಇದಕ್ಕಾಗಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ಶಾಲೆಯ ಪಾಠದಲ್ಲೇ ಇದೆ. ಅಕ್ಕಪಕ್ಕ ಎರಡು ದೊಡ್ಡ ಹೊಳೆಗಳಿದ್ದೂ ಹೊಲಕ್ಕೆ ನೀರಿರಲಿಲ್ಲ. ಹೊಳೆ ತಗ್ಗಿನಲ್ಲಿ, ಹೊಲ ಮೇಲೆ. ಮಳೆಯೂ ಅಷ್ಟಕ್ಕಷ್ಟೆ, ಅದೂ ಹೇಳಿದ ಹೊತ್ತಿಗೆ ಬರುವುದಲ್ಲ. ಕಪ್ಪು ಮಣ್ಣಿನ ಎರಿ ಹೊಲಕ್ಕೆ ಹಿಂಗಾರಿ ಬಿಳಿಜೋಳ, ಕಡಲೆ. ಕೆಂಪು ಮಣ್ಣಿನ ಮಸಾರಿಗೆ ಮುಂಗಾರಿ ಸಜ್ಜೆ, ತೊಗರಿ, ಶೇಂಗಾ. ಮಳೆ ಕೈಕೊಟ್ಟ ವರ್ಷ ದನ ಹೊಡೆದುಕೊಂಡು ಹೊಳೆಸಾಲಿಗೋ ಮಲೆನಾಡಿನ ಅಂಚಿಗೋ ಹೋಗಿ, ಮಳೆ ಕಂಡ ಮೇಲೆ ತಿರುಗಿ ಬರುವ ರೂಢಿ ಅಣೆಕಟ್ಟಿಗಿಂತ ಹಳೆಯದು. 1876ರ ಧಾತು ಸಂವತ್ಸರದ ಬರ ಈ ಸೀಮೆಯನ್ನು ಎಷ್ಟು ಖಾಲಿ ಮಾಡಿತೆಂದರೆ, ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಕುಗ್ಗಿದವರಲ್ಲಿ ಎಷ್ಟು ಜನ ಸತ್ತರು, ಎಷ್ಟು ಜನ ಊರು ಬಿಟ್ಟರು ಎಂದು ಬಿಡಿಸಿ ಹೇಳುವುದು ಕಷ್ಟ. ಅಂಥ ವರ್ಷಗಳಲ್ಲಿ ಎರಡರ ನಡುವೆ ಬಹಳ ಅಂತರವೂ ಇರುವುದಿಲ್ಲ.

ಅಣೆಕಟ್ಟು ಕಟ್ಟಿದ ಮೇಲೆ

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. ಆಗ ಬಲದಂಡೆ ಮದ್ರಾಸ್ ಪ್ರಾಂತ್ಯದ್ದು, ಎಡದಂಡೆ ನಿಜಾಮರದ್ದು. 1953ರ ಹೊತ್ತಿಗೆ ಕಾಲುವೆಗೆ ನೀರು ಬರತೊಡಗಿತು. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ, ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾಯ್ದು ರಾಯಚೂರಿನ ಕಡೆ ಮುಗಿಯುತ್ತದೆ.

ನೀರು ಬಂತು, ಹಿಂದೆಯೇ ಜನ ಬಂದರು. ಕರಾವಳಿ ಆಂಧ್ರದ ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳ ರೈತರು ಅಲ್ಲಿಯ ದುಬಾರಿ ಗದ್ದೆ ಮಾರಿ, ಬಂದ ಹಣಕ್ಕೆ ಇಲ್ಲಿ ಅದರ ಹಲವು ಪಟ್ಟು ಹೊಲ ಕೊಂಡರು. ಹೊಲದ ನಡುವೆಯೇ ಗುಡಿಸಲು ಹಾಕಿ ನೆಲಸಿದರು. ಆ ಗುಡಿಸಲುಗಳೇ ಇವತ್ತಿನ ‘ಕ್ಯಾಂಪು’ಗಳು. ಗಂಗಾವತಿ ಬಳಿಯ ಶ್ರೀರಾಮನಗರ, ಸಿಂಧನೂರು ಬಳಿಯ ಗಾಂಧಿನಗರ ಈಗ ದೊಡ್ಡ ಊರುಗಳು. ಮನೆ, ರಸ್ತೆ, ಗುಡಿ, ಶಾಲೆ ಎಲ್ಲ ಅಚ್ಚುಕಟ್ಟು. ಒಮ್ಮೊಮ್ಮೆ ಪಕ್ಕದ ಮೂಲ ಹಳ್ಳಿಗಿಂತ ಒಂದು ಕೈ ಮೇಲೆ.

ಸ್ಥಳೀಯರು ಯಾಕೆ ಮಾರಿದರು? ದಡ್ಡತನ, ಆಲಸ್ಯ ಎಂಬ ಮಾತನ್ನು ಇಂದಿಗೂ ಕ್ಯಾಂಪಿನ ಹೋಟೆಲುಗಳಲ್ಲಿ ಕೇಳಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಗೋದಾವರಿ ಮುಖಜ ಭೂಮಿಯವರಿಗೆ 1852ರಲ್ಲಿ ಮುಗಿದ ಧವಳೇಶ್ವರದ ಅಣೆಕಟ್ಟಿನಿಂದ ನೂರು ವರ್ಷದ ಕಾಲುವೆ ಬೇಸಾಯದ ಅನುಭವವಿತ್ತು. ಭತ್ತ ಅವರ ಕೈಯಲ್ಲಿ ಆಡಿದ ಬೆಳೆ. ಇಲ್ಲಿಯವರಿಗೆ ನೀರೆಂದರೆ ಆಕಾಶದಿಂದ ಬೀಳುವುದು. ಎರಿ ಹೊಲದಲ್ಲಿ ನೀರು ನಿಂತರೆ ಹೊಲ ಕೆಟ್ಟಿತೆಂಬ ಭಯ. ಆ ಭಯ ಸುಳ್ಳೇನೂ ಆಗಲಿಲ್ಲ: ಕಾಲುವೆಯ ಮೇಲ್ಭಾಗದಲ್ಲಿ ಸವಳು ಜವುಳಾದ ಹೊಲಗಳು ಇವತ್ತಿಗೂ ಇವೆ. ಗದ್ದೆ ಮಾಡಬೇಕಾದರೆ ಹೊಲ ಮಟ್ಟ ಮಾಡಬೇಕು, ಬದು ಹಾಕಬೇಕು, ಮೊದಲ ಬೆಳೆ ಕೈಗೆ ಬರುವತನಕ ಕೂತು ಉಣ್ಣಲು ದುಡ್ಡಿರಬೇಕು. ಸಾಹುಕಾರನ ಬಾಕಿಯಲ್ಲಿದ್ದ ಒಕ್ಕಲಿಗನ ಹತ್ತಿರ ಅದಿರಲಿಲ್ಲ. ಕ್ಯಾಂಪಿನವರು ಬಂಡವಾಳ ತಂದರು, ಊರಿನವರು ಸಾಲ ಹೊತ್ತಿದ್ದರು. ಒಂದೇ ಕಾಲುವೆ, ಒಂದೇ ಮಣ್ಣು. ಎರಡು ಪೀಳಿಗೆಯಲ್ಲಿ ಒಬ್ಬರು ಗಿರಣಿಯ ಮಾಲೀಕರಾದರು, ಇನ್ನೊಬ್ಬರು ಅದೇ ಹೊಲಕ್ಕೆ ನಾಟಿ ಮಾಡಲು ಬಂದರು.

ಮೂರನೆಯ ಗುಂಪೊಂದು ದುಡ್ಡಿಲ್ಲದೆ, ಸಾಲವೂ ಇಲ್ಲದೆ ಬಂತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ‘ಆರ್‌.ಎಚ್‌. ಕ್ಯಾಂಪ್’ ಎಂದು ಕರೆಯುವ ಅವರ ಊರುಗಳಲ್ಲಿ ದುರ್ಗಾಪೂಜೆ ನಡೆಯುತ್ತದೆ, ಮಾತಿನಲ್ಲಿ ಬಂಗಾಳಿಯ ಜೊತೆ ರಾಯಚೂರಿನ ಕನ್ನಡ ಬೆರೆತಿದೆ. ಪದ್ಮಾ ನದಿಯ ಕಡೆಯ ಮೀನು-ಅನ್ನದ ಜನ ಬಿಳಿಜೋಳದ ಸೀಮೆಯಲ್ಲಿ ಬೇರುಬಿಟ್ಟದ್ದು ತುಂಗಭದ್ರೆಯ ನೀರಿನಿಂದ. ನೀರು ಬಾರದಿದ್ದರೆ ಸರ್ಕಾರಕ್ಕೂ ಅವರನ್ನು ಇಲ್ಲಿಗೆ ಕಳಿಸುವ ಯೋಚನೆ ಬರುತ್ತಿರಲಿಲ್ಲ.

ಮೂಲ ಯೋಜನೆಯಲ್ಲಿ ಎಡದಂಡೆ ಭತ್ತದ ಕಾಲುವೆಯೇ ಅಲ್ಲ. ಬರಪೀಡಿತ ಸೀಮೆಯಲ್ಲಿ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲಿ, ಜೋಳ, ಹತ್ತಿ, ಶೇಂಗಾ ಬೆಳೆಯಲಿ, ಭತ್ತಕ್ಕೆ ಸಣ್ಣ ಪಾಲಷ್ಟೇ ಇರಲಿ ಎಂದು ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಲೆಕ್ಕ ಬುಡಮೇಲಾಯಿತು. ಸೋನಾ ಮಸೂರಿಗೆ ಮಾರುಕಟ್ಟೆ ಸಿಕ್ಕಿತು, ಗಿರಣಿಗಳು ಎದ್ದವು, ಎರಡು ಬೆಳೆ ಭತ್ತ ರೂಢಿಯಾಯಿತು. ಮಂಜೂರಾದ ಅಚ್ಚುಕಟ್ಟಿನ ಆಚೆಗೂ ಪಂಪು ಇಟ್ಟು ನೀರೆತ್ತುವ ಅಕ್ರಮ ನೀರಾವರಿ ಬೆಳೆಯಿತು. ಇತ್ತ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ರೈತರಿಗೆ ಪ್ರತಿ ಹಂಗಾಮಿನಲ್ಲೂ ಒಂದೇ ಹೋರಾಟ: ಕಾಲುವೆಯ ಮೈಲ್ 104ರಲ್ಲಿ ನೀರಿನ ಮಟ್ಟ (ಗೇಜು) ಕಾಯ್ದುಕೊಳ್ಳಿ, ನಮಗೂ ನೀರು ಬಿಡಿ. ಹೂಳು ತುಂಬಿ ಜಲಾಶಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್‌ನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ಜನ ನಿದ್ದೆಗೆಟ್ಟರು. ನೀರು ಹೋದರೆ ಎರಡನೇ ಬೆಳೆ ಹೋಗುತ್ತದೆ. ಎರಡನೇ ಬೆಳೆ ಹೋದರೆ ನಾಟಿ, ಕಳೆ, ಗಿರಣಿಯ ಕೂಲಿಯೂ ಹೋಗುತ್ತದೆ.

ಅಲ್ಲಿಗೆ ಗುಳೆಯ ನಕಾಶೆ ಅರ್ಧ ಸಿದ್ಧವಾಯಿತು. ಕಾಲುವೆಯ ಮೇಲ್ಭಾಗಕ್ಕೆ ಜನ ಬರುತ್ತಾರೆ, ಕೊನೆಭಾಗದಿಂದ ಹೋಗುತ್ತಾರೆ. ಕಾಲುವೆಯೇ ಮುಟ್ಟದ ಒಣ ಸೀಮೆಗಳಿಂದ, ಲಿಂಗಸುಗೂರು, ಮಸ್ಕಿ, ಕುಷ್ಟಗಿ ಕಡೆಯ ತಾಂಡಾಗಳಿಂದ, ಇನ್ನೂ ಹೆಚ್ಚು ಹೋಗುತ್ತಾರೆ. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ದೇವದುರ್ಗ, ಲಿಂಗಸುಗೂರಿನ ಒಂದಷ್ಟು ಭಾಗ ಹಸಿರಾಗಿದೆ. ಅಲ್ಲೂ ಮೇಲಿನವರಿಗೆ ಭತ್ತ, ಕೊನೆಯವರಿಗೆ ಭರವಸೆ.

ಮೊದಲು ಕೈಗೆ ಬರುವ ದುಡ್ಡು

ಲಿಂಗಸುಗೂರು ಕಡೆಯ ತಾಂಡಾವೊಂದರಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಕೇಳಿದೆ: ಮಳೆ ಚೆನ್ನಾಗಿ ಬಂದ ವರ್ಷವೂ ಹೋಗ್ತೀರಾ ಅಕ್ಕ? ಆಕೆ ಜೋಳ ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. “ಮಳಿ ಬಂದ್ರೂ ಹೋಗೂದ, ಬರ್ಲಿಲ್ಲಂದ್ರೂ ಹೋಗೂದ ಯಣ್ಣಾ. ಬರ್ಲಿಲ್ಲಂದ್ರ ಹೊಟ್ಟಿಗೆ, ಬಂದ್ರ ಬೀಜ-ಗೊಬ್ಬರದ ಸಾಲಕ್ಕ.”

ಇದಕ್ಕಿಂತ ಚೊಕ್ಕವಾಗಿ ಯಾವ ವರದಿಯೂ ಹೇಳಿದ್ದನ್ನು ನಾನು ಓದಿಲ್ಲ. ಮಳೆಯಾಶ್ರಿತ ಮೂರು-ನಾಲ್ಕು ಎಕರೆಯವನಿಗೆ ಒಳ್ಳೆಯ ಮಳೆಯೂ ಖರ್ಚಿನ ಬಾಬತ್ತೇ. ಹತ್ತಿ ಬೀಜ, ಡಿಎಪಿ, ಎಣ್ಣೆ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಅಂಗಡಿಯವನ ಪುಸ್ತಕದಲ್ಲಿ ಏರುತ್ತವೆ. ಬೆಳೆ ಬಂದಾಗ ಆ ಪುಸ್ತಕ ಮುಚ್ಚಿ ಉಳಿದದ್ದು ಮನೆಗೆ. ಅಷ್ಟರಲ್ಲಿ ಒಂದು ಮದುವೆ, ಒಂದು ಆಸ್ಪತ್ರೆ, ನೀರು ಬೀಳದ ಒಂದು ಬೋರು. ಹಿಂಗಾರಿ ಜೋಳ ಬಿತ್ತಿದ ಹೊಲದಲ್ಲಿ ಹೆಚ್ಚು ಕೆಲಸವಿರದ ತಿಂಗಳುಗಳಿಗೆ ಸರಿಯಾಗಿ, ದಸರೆ-ದೀಪಾವಳಿ ಸುಮಾರಿಗೆ ಮೇಸ್ತ್ರಿ ಬಂದು ಮುಂಗಡ ಎಣಿಸುತ್ತಾನೆ. ಕಬ್ಬು ಕಡಿಯುವುದಕ್ಕೂ ಇಟ್ಟಂಗಿ ಭಟ್ಟಿಗೂ ಗಂಡ-ಹೆಂಡತಿ ಸೇರಿ ಒಂದು ಜೋಡಿಯೆಂದು ಮುಂಗಡ; ಒಬ್ಬಂಟಿ ಹೆಣ್ಣಿಗೆ ಅಲ್ಲಿ ಲೆಕ್ಕವೇ ಇಲ್ಲ. ಕೂಲಿ ಕಬ್ಬಿಗೆ ಟನ್ನಿನ ಮೇಲೆ, ಇಟ್ಟಂಗಿಗೆ ಸಾವಿರದ ಮೇಲೆ. ವಾರಕ್ಕೊಮ್ಮೆ ಕೈಗೆ ಬರುವುದು ‘ಖರ್ಚಿ’ ಮಾತ್ರ, ಉಳಿದದ್ದು ಮುಂಗಡಕ್ಕೆ ವಜಾ. ಹಂಗಾಮು ಮುಗಿದಾಗ ಮುಂಗಡ ತೀರದಿದ್ದರೆ ಮುಂದಿನ ವರ್ಷವೂ ಅದೇ ಮೇಸ್ತ್ರಿ.

ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಈ ಕಟ್ಟು ಸ್ವಲ್ಪ ಸಡಿಲ. ದಿನಗೂಲಿ ಇದೆ, ಮೇಸ್ತ್ರಿ ಬದಲಿಸಬಹುದು. ಅದಕ್ಕೇ ಹರೆಯದವರು ಭಟ್ಟಿ ಬಿಟ್ಟು ಬೆಂಗಳೂರು ಹಿಡಿಯುತ್ತಾರೆ. ಯಾವ ಊರಿನವರು ಎಲ್ಲಿಗೆ ಹೋಗುತ್ತಾರೆ ಎಂಬುದು ಮಾತ್ರ ಕೂಲಿಯ ದರ ನೋಡಿ ಆಗುವುದಲ್ಲ. ಒಂದು ತಾಂಡಾ ಪೂರಾ ಗೋವಾದ ಹಾದಿ ಹಿಡಿದಿರುತ್ತದೆ, ಎರಡು ಮೈಲಿ ಆಚೆಯ ಹಳ್ಳಿ ಹೈದರಾಬಾದಿನದು, ಮತ್ತೊಂದು ಪುಣೆಯದು. ಎಂದೋ ಮೊದಲು ಹೋದ ಒಬ್ಬ ಮಾವ, ಒಬ್ಬ ಅಳಿಯ ಆ ದಿಕ್ಕು ತೋರಿಸಿರುತ್ತಾನೆ. ಅಲ್ಲಿ ಶೆಡ್ಡಿಗೆ ಜಾಗ, ಉದ್ರಿ ಕೊಡುವ ಅಂಗಡಿ, ಹೆರಿಗೆಗೆ ಕರೆದೊಯ್ಯಬೇಕಾದ ಆಸ್ಪತ್ರೆ, ಎಲ್ಲ ಅವನಿಗೆ ಗೊತ್ತು. ಅಂಥ ಮಾವನಿಲ್ಲದವರು, ಮುದುಕರು, ಕಾಯಿಲೆಯವರು, ಕೈಗೂಸಿನ ವಿಧವೆಯರು ಬರ ಎಷ್ಟೇ ಇದ್ದರೂ ಊರಲ್ಲೇ ಉಳಿಯುತ್ತಾರೆ. ಗುಳೆ ಹೋದವರು ಬಡವರು ನಿಜ. ಎಲ್ಲರಿಗಿಂತ ಬಡವರು ಬಸ್ಸು ಹತ್ತಲಾರದೆ ಉಳಿದವರು.

ಉದ್ಯೋಗ ಖಾತ್ರಿ ಇದನ್ನು ತಡೆಯಬೇಕಿತ್ತು. 2006ರ ಫೆಬ್ರುವರಿಯಲ್ಲಿ ಯೋಜನೆ ಶುರುವಾದಾಗ ಮೊದಲ ಹಂತದಲ್ಲೇ ರಾಯಚೂರು ಇತ್ತು. ಕೆರೆ ಹೂಳೆತ್ತಿದ್ದು, ಬದು ಹಾಕಿದ್ದು, ಊರಲ್ಲೇ ಉಳಿದ ಹೆಂಗಸರಿಗೆ ಕೂಲಿ ಸಿಕ್ಕಿದ್ದು ಸಣ್ಣ ಮಾತಲ್ಲ. 2025–26ರಲ್ಲಿ ರಾಜ್ಯದಲ್ಲಿ ಅದರ ದಿನಗೂಲಿ 370 ರೂಪಾಯಿ ಇತ್ತು. ನಗರದ ಕೂಲಿ ಇದಕ್ಕಿಂತ ಹೆಚ್ಚು, ಅದಕ್ಕೇ ಜನ ಹೋಗುತ್ತಾರೆ ಎಂದು ಅಧಿಕಾರಿಗಳು ಹೇಳುತ್ತಾರೆ. ನಗರದಲ್ಲಿ ಬಾಡಿಗೆ, ನೀರು, ಸೌದೆ ಎಲ್ಲಕ್ಕೂ ದುಡ್ಡು ತೆತ್ತ ಮೇಲೆ ಆ ಅಂತರ ಕಾಣುವಷ್ಟು ದೊಡ್ಡದಲ್ಲ. ನಿಜವಾದ ಅಂತರ ಬೇರೆಡೆ ಇದೆ. ಮೇಸ್ತ್ರಿ ಕೆಲಸಕ್ಕೆ ಮೊದಲು ದುಡ್ಡು ಕೊಡುತ್ತಾನೆ. ಸರ್ಕಾರ ಕೆಲಸ ಆಗಿ, ಹಾಜರಿ ಪಟ್ಟಿ ತುಂಬಿ, ಮೊಬೈಲಿನಲ್ಲಿ ದಿನಕ್ಕೆರಡು ಬಾರಿ ಫೋಟೊ ಹೊಡೆದು, ಎಂಜಿನಿಯರು ಅಳತೆ ಬರೆದು, ಆಧಾರ್ ಜೋಡಣೆ ಸರಿಯಿದ್ದರೆ, ವಾರಗಳ ಮೇಲೆ ಖಾತೆಗೆ ಹಾಕುತ್ತದೆ. ನಾಳೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾದವನು ಇಬ್ಬರಲ್ಲಿ ಯಾರ ಹತ್ತಿರ ಹೋಗಬೇಕು?

ಬಸ್ಸಿನ ಮೇಲೆ ಜೋಳದ ಚೀಲ

ಸಂಜೆಯಾಗುತ್ತಲೇ ಲಿಂಗಸುಗೂರು ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ ಮನೆಗಳೇ ಮೂಟೆಯಾಗಿ ಬಂದು ಕೂರುತ್ತವೆ. ಜೋಳದ ಚೀಲ, ಕೌದಿಗಂಟು, ಪ್ಲಾಸ್ಟಿಕ್ ಕೊಡ, ರೊಟ್ಟಿ ಹಂಚು. ಒಬ್ಬಾಕೆಯ ಬುಟ್ಟಿಯಲ್ಲಿ ಕಟಿಕಟಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರದಪುಡಿಯ ಡಬ್ಬಿ. ಎರಡು ವಾರದ ಊಟ ಅದು. ಕಾಲು ಕಟ್ಟಿದ ಒಂದು ಕೋಳಿ ಮೂಟೆಯ ಪಕ್ಕ. ಕಂಡಕ್ಟರಿಗೂ ಮುದುಕಿಗೂ ಲಗೇಜಿನ ಜಗಳ: “ಯವ್ವಾ, ಶಕ್ತಿ ಯೋಜನಿ ನಿನಗೈತಿ, ನಿನ್ನ ಚೀಲಕ್ಕಿಲ್ಲ.” ಮುದುಕಿಯೂ ಬಿಡುವವಳಲ್ಲ. “ಚೀಲ ಬಿಟ್ಟು ನಾ ಏನ ತಿನ್ಲಿ, ನಿನ್ನ ಟಿಕೇಟು?” ನಗು ಎದ್ದಿತು, ಚೀಲ ಮೇಲೇರಿತು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದದ್ದು ಗುಳೆಯ ರೀತಿಯನ್ನೇ ಸ್ವಲ್ಪ ಬದಲಿಸಿದೆ. ಮೊದಲು ಯುಗಾದಿಗೆ ಒಮ್ಮೆ ಬರುತ್ತಿದ್ದವರು ಈಗ ರೇಷನ್ನಿಗೆ, ಪಿಂಚಣಿಗೆ, ಬೆರಳಚ್ಚು ಕೊಡಲಿಕ್ಕೆ ನಡುನಡುವೆ ಬಂದುಹೋಗುತ್ತಾರೆ. ಈ ಸೀಮೆಯಲ್ಲಿ ಯುಗಾದಿಗಿಂತಲೂ ಜನ ತುಂಬುವುದು ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ. ಮುದಗಲ್ಲಿನ ಮೊಹರಂ ಹೆಸರಾದದ್ದು. ಹಿಂದೂ ಮುಸ್ಲಿಂ ಎನ್ನದೆ ಹರಕೆ ಹೊತ್ತವರು ಎಲ್ಲಿದ್ದರೂ ಬರಲೇಬೇಕು. ಈ ಕೆಲವು ವರ್ಷ ಮೊಹರಂ ಜೂನ್-ಜುಲೈನಲ್ಲಿ ಬೀಳುತ್ತಿರುವುದರಿಂದ ಹಬ್ಬವೂ ಬಿತ್ತನೆಯೂ ಒಂದೇ ರಜೆಯಲ್ಲಿ ಮುಗಿಯುತ್ತವೆ. ಬೆಂಗಳೂರಿನ ಗುತ್ತಿಗೆದಾರರಿಗೆ ಮಾತ್ರ ಆ ಹದಿನೈದು ದಿನ ತಲೆಬಿಸಿ.

ಬೆಂಗಳೂರಿನಲ್ಲಿ ಇವರ ವಿಳಾಸ ಮಾರತಹಳ್ಳಿ, ತೂಬರಹಳ್ಳಿ, ಥಣಿಸಂದ್ರದ ಖಾಲಿ ಸೈಟುಗಳಲ್ಲಿ ನೀಲಿ ತಾಡಪಾಲಿನ ಶೆಡ್ಡು. ಸೈಟು ಯಾರದೋ, ಬಾಡಿಗೆ ವಸೂಲಿ ಮಾಡುವವ ಇನ್ಯಾರೋ, ರಸೀದಿ ಇಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳು’ ಎಂಬ ನೆಪದಲ್ಲಿ ಶೆಡ್ಡುಗಳನ್ನು ಕೆಡವಿದಾಗ, ಬೀದಿಗೆ ಬಿದ್ದವರಲ್ಲಿ ಅಸ್ಸಾಮು, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಹೈಕೋರ್ಟು ಆ ತೆರವನ್ನು ಒಪ್ಪಲಿಲ್ಲ. ಬಂಗಾಳಿ ನಿರಾಶ್ರಿತರಿಗೆ ಹೊಲ ಕೊಟ್ಟ ಸೀಮೆಯ ಜನ ತಮ್ಮದೇ ರಾಜಧಾನಿಯಲ್ಲಿ ಕಾಗದ ತೋರಿಸಬೇಕಾಯಿತು. ಎರಡೇ ತಿಂಗಳಿಗೆ ಲಾಕ್‌ಡೌನ್. ನಡೆದೇ ಊರು ಸೇರಲು ಹೊರಟವರು, ಹಾದಿಯಲ್ಲೇ ಮುಗಿದವರು ಇದ್ದರು. ಮೇ ತಿಂಗಳಲ್ಲಿ ಸರ್ಕಾರ ಕಟ್ಟಡ ಉದ್ಯಮದವರ ಜೊತೆ ಮಾತಾಡಿ ಶ್ರಮಿಕ ರೈಲುಗಳನ್ನು ರದ್ದು ಮಾಡಿ, ಗಲಾಟೆಯಾದ ಮೇಲೆ ಮತ್ತೆ ಬಿಟ್ಟಿತು. ನಗರಕ್ಕೆ ಇವರು ಎಷ್ಟು ಬೇಕು ಎಂಬುದು ಆ ಎರಡು ದಿನಗಳಲ್ಲಿ ಎಲ್ಲರಿಗೂ ಗೊತ್ತಾಯಿತು.

ಕಾನೂನಿನ ಕಣ್ಣಿಗಂತೂ ಇವರು ವಲಸೆಗಾರರೇ ಅಲ್ಲ. 1979ರ ವಲಸೆ ಕಾರ್ಮಿಕರ ಕಾಯ್ದೆ ಇದ್ದದ್ದೂ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ರಾಯಚೂರಿನವನು ಸುಮಾರು 200 ಕಿ.ಮೀ. ದೂರದ ಹೈದರಾಬಾದಿಗೆ ಗುತ್ತಿಗೆದಾರನ ಕೈಕೆಳಗೆ ಹೋದರೆ ಅವನು ಅಂತರ್‌ರಾಜ್ಯ ವಲಸೆ ಕಾರ್ಮಿಕ, 400 ಕಿ.ಮೀ. ದೂರದ ಬೆಂಗಳೂರಿಗೆ ಹೋದರೆ ಬರೀ ಕೂಲಿಕಾರ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಮೂರು ಮೇಸ್ತ್ರಿಗಳ ಕೈಕೆಳಗೆ ದುಡಿದವನಿಗೆ ಅದನ್ನು ಬರೆದುಕೊಡುವವರು ಯಾರು?

ಜನಗಣತಿಯದೂ ಹೀಗೇ. 2011ರ ಗಣತಿಯಂತೆ ದೇಶದೊಳಗೆ ವಲಸೆ ಹೋದವರು ಸುಮಾರು 45 ಕೋಟಿ. ಅತಿ ದೊಡ್ಡ ಕಾರಣ ಮದುವೆ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳೆಲ್ಲ ಆ ಲೆಕ್ಕದಲ್ಲಿ ಬರುತ್ತಾರೆ. ಆರು ತಿಂಗಳು ಹೋಗಿ ಆರು ತಿಂಗಳು ಬರುವವರು ಸರಿಯಾಗಿ ಕಾಣುವುದಿಲ್ಲ. ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಈ ಸೀಮೆಯ ತಾಂಡಾಗಳು ಅರ್ಧ ಖಾಲಿಯಿರುವ ಕಾಲವೇ ಅದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂತು, ಓದಿದ ಹುಡುಗ ಹುಡುಗಿಯರಿಗೆ ಅದರಿಂದ ಸೀಟು, ನೌಕರಿ ಸಿಕ್ಕವು. ಆದರೆ ಭಟ್ಟಿಗೆ ಹೋದ ಮನೆಯ ಮಗು ಅಲ್ಲಿಯತನಕ ಓದಿದ್ದರೆ ತಾನೆ? ಅಪ್ಪ-ಅಮ್ಮನ ಜೊತೆ ನವೆಂಬರಿನಲ್ಲಿ ಶಾಲೆ ಬಿಟ್ಟ ಹುಡುಗಿ ತಮ್ಮನನ್ನು ಎತ್ತಿಕೊಳ್ಳುತ್ತಾಳೆ, ಜೂನ್‌ನಲ್ಲಿ ಬಂದಾಗ ಪಾಠ ಎಲ್ಲೋ ಹೋಗಿರುತ್ತದೆ. ಋತುಮಾನದ ವಸತಿ ಶಾಲೆ, ಟೆಂಟ್ ಶಾಲೆ ಎಂದು ಸರ್ಕಾರ ಮಾಡಿದ್ದುಂಟು. ಅಜ್ಜಿ ಇದ್ದ ಮನೆಯ ಮಕ್ಕಳು ಉಳಿಯುತ್ತಾರೆ, ಇಲ್ಲದ ಮನೆಯವು ಹೋಗುತ್ತವೆ.

ಎದುರಿಂದ ಬರುವವರು

ಇ.ಜಿ. ರೇವನ್‌ಸ್ಟೈನ್ ಎಂಬ ನಕಾಶೆಗಾರ 1885ರಲ್ಲಿ ಲಂಡನ್ನಿನಲ್ಲಿ ಬ್ರಿಟನ್ನಿನ ಜನಗಣತಿ ಹಿಡಿದು ವಲಸೆಯ ನಿಯಮಗಳನ್ನು ಬರೆದ. ಅದರಲ್ಲೊಂದು: ಜನರ ಪ್ರತಿ ಹರಿವಿಗೂ ಎದುರು ಹರಿವೊಂದು ಇರುತ್ತದೆ. ಗಂಗಾವತಿಯ ಗಿರಣಿಯ ಬಿಹಾರಿ ಹುಡುಗ ಆ ಎದುರು ಹರಿವಿನವನು. ಊರಿನ ಆಳು ಸಿಗುವುದಿಲ್ಲ ಎಂದು ಗಿರಣಿಯವರು, ದೊಡ್ಡ ರೈತರು ದೂರುತ್ತಾರೆ. ಆಳು ಸಿಗುವುದಿಲ್ಲವೆಂದಲ್ಲ, ಅವರು ಹೇಳಿದ ಕರಾರಿಗೆ ಸಿಗುವುದಿಲ್ಲ. ಊರಿನವನಿಗೆ ಸಂಜೆ ಮನೆಗೆ ಹೋಗಬೇಕು, ನಾಡಿದ್ದು ಜಾತ್ರೆ, ಸತ್ತವರ ಮನೆ, ಹೊಲದ ಕೆಲಸ. ಬಿಹಾರದವನಿಗೆ ಗಿರಣಿಯೇ ಮನೆ. ರಾತ್ರಿ ಲಾರಿ ಬಂದರೂ ಎದ್ದು ಹೊರುತ್ತಾನೆ. ಬೆಂಗಳೂರಿನ ಗುತ್ತಿಗೆದಾರ ಲಿಂಗಸುಗೂರಿನವನನ್ನು ಬಯಸುವುದೂ ಇದೇ ಕಾರಣಕ್ಕೆ. ಊರಿನಿಂದ ದೂರವಾದ ಕೈ ಹೆಚ್ಚು ಹೊತ್ತು ದುಡಿಯುತ್ತದೆ, ಕಡಿಮೆ ಮಾತಾಡುತ್ತದೆ. ಭತ್ತದ ಕೊಯ್ಲಿನಲ್ಲಿ ಆ ಕೈಯೂ ಬೇಡವಾಗಿದೆ. ತಮಿಳುನಾಡಿನಿಂದ ಬರುವ ಕಟಾವು ಯಂತ್ರಗಳು ಹತ್ತಾರು ಜನರ ದಿನದ ಕೆಲಸವನ್ನು ತಾಸಿನಲ್ಲಿ ಮುಗಿಸುತ್ತವೆ; ಎಡದಂಡೆಯ ಕೂಲಿ ಹೆಂಗಸರಿಗೆ ವರ್ಷದ ಕಾಳು ತರುತ್ತಿದ್ದ ಸುಗ್ಗಿ ಹಾಗೆ ಹೋಯಿತು.

ಬರ ಇದೆಲ್ಲದರ ಮೇಲೆ ಬಂದು ಕೂರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಬೆಂಗಳೂರಿನ ಸುತ್ತಲಿನವೂ ಅದರಲ್ಲಿದ್ದವು. ಆದರೆ ಗುಳೆ ಬಸ್ಸುಗಳು ಹೊರಟದ್ದು ಆ ಎಲ್ಲ ತಾಲ್ಲೂಕುಗಳಿಂದಲ್ಲ.

ಯಾರು, ಎಲ್ಲಿ, ಯಾವ ಶೆಡ್ಡಿನಲ್ಲಿದ್ದಾರೆ ಎಂಬ ಪಟ್ಟಿ ಪಂಚಾಯ್ತಿಯಲ್ಲಿ ಕೇಳಿದರೆ ಸಿಗುವುದು ಕಷ್ಟ. ಅಂಥ ಪಟ್ಟಿಯೇ ಇಲ್ಲವೆಂದೇನಲ್ಲ. ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ನೋಡಬೇಕು. ಒಂದೊಂದು ವಾರ್ಡಿನಲ್ಲಿ ಹತ್ತಿಪ್ಪತ್ತು ಮತದಲ್ಲಿ ಗೆಲುವು ಸೋಲು. ಅಭ್ಯರ್ಥಿಯ ಕಡೆಯವರ ಜೇಬಿನ ಡೈರಿಯಲ್ಲಿ ಪ್ರತಿ ಮನೆಯ ಹೆಸರು, ಫೋನ್ ನಂಬರು, ಬೆಂಗಳೂರಿನದೋ ಪುಣೆಯದೋ ಜಾಗ, ಮೇಸ್ತ್ರಿಯ ಹೆಸರು ಎಲ್ಲ ಬರೆದಿರುತ್ತದೆ. ಮತದಾನದ ಹಿಂದಿನ ಸಂಜೆ ಕ್ರೂಸರುಗಳು ಆ ಶೆಡ್ಡುಗಳ ಮುಂದೆ ಹೋಗಿ ನಿಲ್ಲುತ್ತವೆ, ಹೋಗಿಬರುವ ಡೀಸೆಲ್ಲು, ಎರಡು ದಿನದ ಕೂಲಿ ಅಭ್ಯರ್ಥಿಯದು. ಗೆದ್ದವರನ್ನು ಆ ಡೈರಿ ಪಂಚಾಯ್ತಿಗೆ ಒಪ್ಪಿಸಿ ಎಂದು ಪಿಡಿಒ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಕೇಳಿದರೆ ರೇಷನ್ನು, ಶಾಲೆ, ಕಾರ್ಡು ಮೂರಕ್ಕೂ ಅದೇ ಸಾಕಾಗುತ್ತದೆ.